ಕೆಡಲೊಲ್ಲದ ಪೆಟ್ಟಿಗೆ

ಪ್ರೊಫೆಸರ್ ಆರ್ವಿಡ್ ನೀಮಿ ಕೈ ಎತ್ತಿದ್ದು ಡೋನಟ್ಟಿಗಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಕಾಪರ್ ಬೇ ಊರಿನಲ್ಲಿ ಈ ಕೈಯ ಬಗ್ಗೆ ನಾನಾ ಕತೆಗಳು ಹುಟ್ಟಿದವು. ಅವುಗಳಲ್ಲಿ ಕೆಲವನ್ನು ಸ್ವತಃ ಆರ್ವಿಡನೇ ಹುಟ್ಟಿಸಿದ.

ಸೆಪ್ಟೆಂಬರಿನ ಮೊದಲ ಅಧ್ಯಾಪಕರ ಸಭೆ. ಇಂಜಿನಿಯರಿಂಗ್ ಕಾಲೇಜಿನ ಉದ್ದನೆಯ ಮೇಜಿನ ಆ ತುದಿಯಲ್ಲಿ ಡೋನಟ್ ಡಬ್ಬ, ಈ ತುದಿಯಲ್ಲಿ ಆರ್ವಿಡ್. ದಾಲ್ಚಿನ್ನಿ ಸಕ್ಕರೆ ಉದುರಿಸಿದ್ದು ಒಂದೇ ಒಂದು ಉಳಿದಿತ್ತು. ಎಲೆಕ್ಟ್ರಿಕಲ್ ವಿಭಾಗದ ಗಾರ್ಡನ್ ಪೆಲ್ಕಿ ಅದರ ಮೇಲೆ ಕಣ್ಣಿಟ್ಟಿರುವುದನ್ನು ಆರ್ವಿಡ್ ಆಗಲೇ ಗಮನಿಸಿದ್ದ. ಡೀನ್ ಕಾನ್‌ಸ್ಟನ್ಸ್ ಬ್ರಾಡಿ ಏನನ್ನೋ ಹೇಳುತ್ತಿದ್ದರು. ಸಭೆಗಳಲ್ಲಿ ಡೀನ್ ಯಾವಾಗಲೂ ಏನನ್ನೋ ಹೇಳುತ್ತಿರುತ್ತಾರೆ. ಡಬ್ಬ ಇತ್ತ ದಾಟಿಸಿ ಎಂದು ಸನ್ನೆ ಮಾಡಲು ಆರ್ವಿಡ್ ಕೈ ಎತ್ತಿದ. ಸರಿಯಾಗಿ ಅದೇ ಗಳಿಗೆಗೆ ಡೀನ್ ತಮ್ಮ ಮಾತನ್ನು ಮುಗಿಸಿದ್ದರು: ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ಮಾಡಿ ನಿಜವಾಗಿ ಏನು ಕಲಿಯುತ್ತಾರೆ ಎಂದು ಅಳೆಯುವ ಕೆಲಸವನ್ನು ಈ ವರ್ಷ ಯಾರು ವಹಿಸಿಕೊಳ್ಳುತ್ತೀರಿ?

ಉಳಿದವರೆಲ್ಲ ತಮ್ಮ ತಮ್ಮ ಬೂಟುಗಳನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದರು. ಅವರ ನಡುವೆ ಆರ್ವಿಡನ ಕೈ ಧ್ವಜಸ್ತಂಭದಂತೆ ನಿಂತಿತ್ತು.

ಈ ಕೆಲಸಕ್ಕೆ ಯಾರೂ ಮುಂದೆ ಬರದಿರುವುದಕ್ಕೆ ಕಾರಣವಿತ್ತು. ಸೇತುವೆ ಬಿತ್ತೇ ನಿಂತಿತೇ ಎಂದು ದಾರಿಹೋಕನೂ ನೋಡಿ ಹೇಳಬಹುದು. ಆ ಸೇತುವೆ ಕಟ್ಟಿದ ಹುಡುಗನ ತಲೆಯೊಳಗೆ ಏನು ನಿಂತಿತು ಎಂದು ಹೇಳುವವರು ಯಾರು? ಆದರೆ ಕಾಲೇಜುಗಳಿಗೆ ಮಾನ್ಯತೆ ಕೊಡುವ ಸಮಿತಿಯವರಿಗೆ ಈಗ ಸೇತುವೆ ಬೇಡ, ತಲೆಯೊಳಗಿನದೇ ಬೇಕು. ಅವರು ಏಪ್ರಿಲ್‌ನಲ್ಲಿ ಬರುವವರಿದ್ದರು.

ಸಭೆ ಮುಗಿದ ಮೇಲೆ ಡೀನ್ ಆರ್ವಿಡನ ಭುಜ ತಟ್ಟಿದರು. "ಸಮಿತಿಯವರು ಮೆಚ್ಕೊಂಡು ಹೋದ್ರೆ ನಿಮ್ಮ ಬಡ್ತಿ ಕಾಗದ ನಾನೇ ಮುಂದೆ ನಿಂತು ಕಳಿಸ್ತೀನಿ, ಆರ್ವಿಡ್. ಮೆಚ್ಚದೆ ಹೋದ್ರೆ ಮುಂದಿನ ವರ್ಷಾನೂ ಈ ಕೆಲಸ ನಿಮ್ದೇ."

ಅಷ್ಟರಲ್ಲಿ ಪೆಲ್ಕಿ ಡೋನಟ್ ತಿಂದು ಬೆರಳು ಒರೆಸಿಕೊಳ್ಳುತ್ತಿದ್ದ.

ಬಡ್ತಿಯೆಂದರೆ ಆರ್ವಿಡನ ಮನೆಯಲ್ಲಿ ಸಣ್ಣ ಮಾತಲ್ಲ. ಅವನು ಸಹ ಪ್ರಾಧ್ಯಾಪಕನಾಗಿ ತಲೆ ನೆರೆಸಿಕೊಂಡವನು. ಅವನ ಅತ್ತೆ ಹಿಲ್ಮಾ ಪ್ರತಿ ಕ್ರಿಸ್‌ಮಸ್ ಊಟದಲ್ಲೂ ಸಹ ಅಂದರೆ ಯಾರ ಸಹ, ಆ ಇನ್ನೊಬ್ಬರು ಎಲ್ಲಿ ಎಂದು ಕೇಳುತ್ತಿದ್ದರು. ಆದ್ದರಿಂದ ಅವತ್ತು ಸಂಜೆ ಆರ್ವಿಡ್ ಮನೆಗೆ ಬಂದು ಡೋನಟ್ ವಿಚಾರ ಬಿಟ್ಟು ಉಳಿದದ್ದನ್ನು ಹೇಳಿದ. ತನ್ನನ್ನು ಆರಿಸಿದರು ಎಂದ. ಹೆಂಡತಿ ಲೊರೇನ್ ಅದನ್ನು ಫೋನಿನಲ್ಲಿ ತಾಯಿಗೆ ಹೇಳುವಾಗ ಒಮ್ಮತದಿಂದ ಆರಿಸಿದರು ಎಂದಳು. ಭಾನುವಾರ ಚರ್ಚಿನ ಕಾಫಿ ಹೊತ್ತಿಗೆ, ಆರ್ವಿಡ್ ನೀಮಿಯ ಹತ್ತಿರ ಮಕ್ಕಳ ತಲೆಯೊಳಗಿನದನ್ನು ಅಳೆಯುವ ಯಾವುದೋ ಯಂತ್ರವಿದೆಯೆಂದು ಸುದ್ದಿ ಹಬ್ಬಿತ್ತು. ಬೇಕರಿಯ ಹೆಂಗಸು ತನ್ನ ಗಂಡನನ್ನೂ ಒಮ್ಮೆ ಅಳೆದು ಕೊಡಲು ಸಾಧ್ಯವೇ ಎಂದು ವಿಚಾರಿಸಿದಳು.

ಹೀಗೆ ಯಂತ್ರದ ಹೊಣೆ ಹೆಗಲಿಗೇರಿದ ಮೇಲೆ ಆರ್ವಿಡ್ ಯೋಚನೆ ಮಾಡಲೇಬೇಕಾಯಿತು. ಅವನ ಮೊದಲ ಉಪಾಯ ಸರಳವಾಗಿತ್ತು. ವರ್ಷದ ಮೊದಲಲ್ಲಿ ಒಂದು ಪರೀಕ್ಷೆ, ಕೊನೆಯಲ್ಲಿ ಅದೇ ಪರೀಕ್ಷೆ. ಕೊನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿದದ್ದು ಕಲಿಕೆ. ಅಂಕವೂ ಆ ವ್ಯತ್ಯಾಸಕ್ಕೇ. ಇದನ್ನು ಅವನು ತರಗತಿಯಲ್ಲಿ ಹೆಮ್ಮೆಯಿಂದ ವಿವರಿಸಿದ, ಪ್ರಶ್ನೆಪತ್ರಿಕೆ ಹಂಚುವುದಕ್ಕೆ ಮೊದಲು. ಅಲ್ಲೇ ಎಡವಟ್ಟಾದದ್ದು.

ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಬೇರೇನೂ ಬರದಿದ್ದರೂ ಕಳೆಯುವ ಲೆಕ್ಕ ಬರುತ್ತದೆ. ಈಗ ಸೊನ್ನೆ ಬಂದಷ್ಟೂ ಏಪ್ರಿಲ್‌ನಲ್ಲಿ ಲಾಭ. ತರಗತಿಗೆಲ್ಲ ಜಾಣೆಯಾದ ಟ್ಯಾಮ್ಸಿನ್ ಬೊಲ್ಯೂ, ಹಗ್ಗದ ಸುರಕ್ಷಾ ಗುಣಾಂಕ ಎಂದರೇನು ಎಂಬ ಪ್ರಶ್ನೆಗೆ, 'ಹಗ್ಗ ಎಂದರೇನು?' ಎಂದು ಬರೆದಳು. ಹಗ್ಗ ಹೊರಬೇಕಾದ ಭಾರಕ್ಕಿಂತ ಎಷ್ಟು ಪಟ್ಟು ಗಟ್ಟಿಯಾಗಿರಬೇಕು ಎಂಬ ಈ ಲೆಕ್ಕವನ್ನು ಅವಳು ಎರಡನೆಯ ವರ್ಷದಲ್ಲೇ ಅರೆದು ಕುಡಿದಿದ್ದಳು. ಅವಳ ಜೊತೆಗಾರ ವೇಡ್ ತನ್ನ ಹೆಸರನ್ನೂ ತಪ್ಪಾಗಿ ಬರೆಯಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿದನಂತೆ.

ಫಲಿತಾಂಶ ನೋಡಿ ಆರ್ವಿಡ್ ಮೊದಲು ಹಿಗ್ಗಿದ. ಕಲಿಯಲಿಕ್ಕೆ ಇಷ್ಟೊಂದು ಜಾಗ ಉಳಿದಿರುವ ತಲೆಗಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅದೇ ಹಿಗ್ಗಿನಲ್ಲಿ ಅದನ್ನು ಮುಂದಿನ ಸಭೆಯಲ್ಲಿ ಎಲ್ಲರ ಮುಂದಿಟ್ಟ. ಕೋಣೆ ತಣ್ಣಗಾಯಿತು.

"ಅಂದ್ರೆ ಮೂರು ವರ್ಷ ನಾವೆಲ್ಲ ಇವರಿಗೆ ಏನೂ ಕಲಿಸ್ಲಿಲ್ಲ ಅಂತೀಯ?" ಎಂದ ಪೆಲ್ಕಿ.

ಗಣಿತದವರು ಇದು ಭೌತವಿಜ್ಞಾನದವರ ತಪ್ಪು ಎಂದರು. ಭೌತವಿಜ್ಞಾನದವರು ಹಗ್ಗದ ಪಾಠ ಮಾಡಿದವರು ಯಾರೆಂದು ಕೇಳಿದರು. ಎಲ್ಲರೂ ನೆನಪು ಮಾಡಿಕೊಂಡು ಆರ್ವಿಡನ ಕಡೆ ತಿರುಗಿದರು. ಹಗ್ಗದ ಪಾಠ ಮಾಡಿದವನು ಅವನೇ. ಡೀನ್ ಆ ಕಾಗದಗಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು, ಇದನ್ನು ಸಮಿತಿಯವರಿಗೆ ತೋರಿಸುವ ಮೊದಲು ತಮಗೊಂದು ಮಾತು ಹೇಳಿ ಎಂದರು. ಅವರು ಹೇಳಿದ ಧ್ವನಿಯಲ್ಲಿ, ಆ ಮಾತನ್ನು ತಾವು ನಿವೃತ್ತರಾದ ಮೇಲೆ ಹೇಳಿದರೆ ಸಾಕು ಎಂಬ ಅರ್ಥವಿತ್ತು.

ಒಬ್ಬ ಮನುಷ್ಯ ಇಷ್ಟಕ್ಕೆ ಸುಮ್ಮನಾಗಬಹುದಿತ್ತು. ಆದರೆ ಆರ್ವಿಡನಿಗೆ ಎರಡನೆಯ ಉಪಾಯ ಹೊಳೆಯಿತು. ಅವನ ಜೀವನದ ಕಷ್ಟಗಳೆಲ್ಲ ಎರಡನೆಯ ಉಪಾಯಗಳಿಂದಲೇ ಬಂದವು ಎಂದು ಲೊರೇನ್ ಹೇಳುವುದುಂಟು.

ಮನುಷ್ಯ ಕಲಿಯುವುದು ಸೋಲಿನಿಂದಲ್ಲವೇ? ಇನ್ನು ಮುಂದೆ ಪ್ರಾಜೆಕ್ಟಿನ ಅರ್ಧ ಅಂಕ ಸೋಲಿಗೆ. ಏನು ಕೆಟ್ಟಿತು, ಏಕೆ ಕೆಟ್ಟಿತು, ಕೆಟ್ಟದ್ದರಿಂದ ಏನು ಕಲಿತಿರಿ ಎಂದು ತಂಡಗಳು ವಾರವಾರ ಬಂದು ಹೇಳಬೇಕು. ಕೆಡದಿದ್ದರೆ ಆ ಅರ್ಧ ಸೊನ್ನೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ಚಳಿಗಾಲ ಕಾಲೇಜಿನಲ್ಲಿ ದೊಣ್ಣೆಗೇ ಅಂಕ. ಪೆಲ್ಕಿಯ ಶಿಷ್ಯರ ಹಾರುವ ಯಂತ್ರ ಹೊರಟ ದಿನವೇ ನೇರವಾಗಿ ಸರೋವರಕ್ಕೆ ಹೋಗಿ ಮುಳುಗಿತು. ತಂಡದವರು ದಡದಲ್ಲಿ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಂಜು ಕರಗಿಸುವ ಯಂತ್ರವೊಂದು ಪಾರ್ಕಿಂಗ್ ಜಾಗವನ್ನು ಜಾರುಬಂಡೆ ಮಾಡಿಟ್ಟಿತು. ಬೆಂಕಿ ಆರಿಸುವ ಸಿಬ್ಬಂದಿ ಎಷ್ಟು ಸಲ ಬಂದರೆಂದರೆ, ಕೊನೆಗೆ ಅವರಿಗೂ ಕಾಫಿ ಲೋಟಗಳನ್ನು ಇಡಬೇಕಾಯಿತು. ಒಂದು ತಂಡ ಮಾತ್ರ ಇದರಲ್ಲಿ ಹಿಂದೆ ಬಿತ್ತು.

ಒಂದು ಮಧ್ಯಾಹ್ನ ಟ್ಯಾಮ್ಸಿನ್ ಮತ್ತು ವೇಡ್ ಸತ್ತವರ ಮನೆಯಿಂದ ಬಂದವರಂತೆ ಆರ್ವಿಡನ ಕೋಣೆಯ ಬಾಗಿಲಲ್ಲಿ ನಿಂತರು.

"ಸರ್, ಕೆಟ್ಟ ಸುದ್ದಿ" ಎಂದಳು ಟ್ಯಾಮ್ಸಿನ್.

"ಹೇಳಮ್ಮ."

"ಕೆಲ್ಸ ಮಾಡ್ತಿದೆ."

"ಯಾವುದು?"

"ನಮ್ಮ ಪೆಟ್ಟಿಗೆ. ಮೊದಲ್ನೇ ಸಲ ಗುಂಡಿ ಒತ್ತಿದ ತಕ್ಷಣ ಮೇಲಕ್ಕೆ ಹೋಯ್ತು. ಆಮೇಲೆ ಕೆಳಗೂ ಬಂತು."

ಆರ್ವಿಡ್ ಕನ್ನಡಕ ತೆಗೆದ. "ಇನ್ನೊಂದ್ಸಲ ಒತ್ತಿ ನೋಡಿದ್ರಾ?"

"ವಾರದಿಂದ ಒತ್ತುತ್ತಾನೇ ಇದೀವಿ ಸರ್" ಎಂದ ವೇಡ್. "ಹೋಗುತ್ತೆ, ಬರುತ್ತೆ. ಹೋಗುತ್ತೆ, ಬರುತ್ತೆ."

ಆ ಪೆಟ್ಟಿಗೆ ಇದ್ದದ್ದು ಮಿಸೆಸ್ ಎಡ್ನಾ ಟ್ರೆವಾರೊ ಎಂಬ ವಯಸ್ಸಾದ ಹೆಂಗಸಿನ ಮನೆಯ ಮುಂದೆ. ಕಾಪರ್ ಬೇ ಗುಡ್ಡಕ್ಕೆ ಆತುಕೊಂಡ ಊರು. ಬೀದಿಯಿಂದ ಆಕೆಯ ಬಾಗಿಲಿಗೆ ಏಣಿಯಂಥ ಕಡಿದಾದ ಮೆಟ್ಟಿಲುಗಳು. ಸೌದೆ, ಹಿಟ್ಟಿನ ಚೀಲ, ಆಲೂಗಡ್ಡೆ ಎಲ್ಲವನ್ನೂ ಮಂಜಿನಲ್ಲಿ ಹೊತ್ತು ಹತ್ತಬೇಕಿತ್ತು. ಟ್ಯಾಮ್ಸಿನ್‌ಳ ತಂಡ ಮೆಟ್ಟಿಲ ಪಕ್ಕಕ್ಕೆ ಎರಡು ಹಳಿ ಹಾಕಿ, ಮೇಲೊಂದು ಮೋಟಾರು ಮತ್ತು ರಾಟೆ ಕೂರಿಸಿ, ಉಕ್ಕಿನ ಹಗ್ಗದಲ್ಲಿ ಒಂದು ಮರದ ಪೆಟ್ಟಿಗೆಯನ್ನು ಎಳೆಯುವಂತೆ ಮಾಡಿತ್ತು. ಮಿಸೆಸ್ ಟ್ರೆವಾರೊ ಅದರಲ್ಲಿ ಮೊದಲ ದಿನವೇ ಒಂದು ಕುಂಬಳಕಾಯಿಯನ್ನು ಮೇಲೆ ಕಳಿಸಿ, ಅದು ಬಾಗಿಲಿಗೆ ಬಂದಾಗ ಅತಿಥಿಯನ್ನು ಬರಮಾಡಿಕೊಳ್ಳುವಂತೆ ಬರಮಾಡಿಕೊಂಡಿದ್ದರು.

ಆರ್ವಿಡ್ ತಾನೇ ಹೋಗಿ ನೋಡಿದ. ಪೆಟ್ಟಿಗೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಅವನು ಅದನ್ನು ಸ್ವಲ್ಪ ಅಲ್ಲಾಡಿಸಿದ, ಒಮ್ಮೆ ಒದ್ದ. ಪ್ರಯೋಜನವಾಗಲಿಲ್ಲ. ಮಿಸೆಸ್ ಟ್ರೆವಾರೊ ಎಲ್ಲರನ್ನೂ ಒಳಗೆ ಕರೆದು ಬಿಸಿ ಬಿಸಿ ಪೇಸ್ಟಿ ಕೊಟ್ಟರು. ಮಾಂಸ, ಆಲೂಗಡ್ಡೆ ತುಂಬಿದ, ಕೈಯಗಲದ ಕಡುಬಿನಂಥದ್ದು; ಒಳಗಿನ ತರಕಾರಿಯಲ್ಲಿ ಟರ್ನಿಪ್ ಇಷ್ಟವಿಲ್ಲದ ವೇಡ್‌ಗೆ ಟರ್ನಿಪ್ ಇಲ್ಲದ್ದನ್ನು ಬೇರೆಯಾಗಿ ಮಾಡಿ, ಗುರುತಿಗೆ ಅಂಚನ್ನು ಚಿವುಟಿಟ್ಟಿದ್ದರು.

"ಆರ್ವಿಡ್, ನೀನು ಸಂಡೇ ಸ್ಕೂಲಲ್ಲಿದ್ದಾಗಿಂದ ನೋಡ್ತಿದೀನಿ. ಯಾಕೋ ಮುಖ ಹೀಗಿದೆ?"

ಆರ್ವಿಡ್ ಅಂಕಗಳ ವಿಚಾರವನ್ನು ಆದಷ್ಟು ಶಾಸ್ತ್ರೀಯವಾಗಿ ವಿವರಿಸಿದ. ಆಕೆ ಕೊನೆಯತನಕ ಗಮನವಿಟ್ಟು ಕೇಳಿದರು.

"ಅಂದ್ರೆ ಇದು ಕೆಡ್ಲಿಲ್ಲ ಅಂತ ಈ ಮಕ್ಳಿಗೆ ಅಂಕ ಇಲ್ಲ."

"ಹಾಗೆ ನೇರವಾಗಿ ಹೇಳೋಕಾಗಲ್ಲ, ಮಿಸೆಸ್ ಟ್ರೆವಾರೊ."

"ಕೆಟ್ರೆ ಇದೆ."

"ಹೂಂ."

"ಇನ್ನೊಂದು ಪೇಸ್ಟಿ ಹಾಕ್ಕೋ" ಎಂದರು ಆಕೆ, ಕಿಟಕಿಯ ಆಚೆ ಪೆಟ್ಟಿಗೆಯನ್ನೇ ನೋಡುತ್ತ.

ಮುಂದಿನ ಶುಕ್ರವಾರ ತಂಡದವರು ಹೋದಾಗ ಪೆಟ್ಟಿಗೆ ಅರ್ಧದಲ್ಲಿ ನಿಂತಿತ್ತು. ಮೋಟಾರಿನ ಹಲ್ಲುಚಕ್ರದಲ್ಲಿ ಓಟ್ಸ್ ಗಂಜಿ ಗಟ್ಟಿಯಾಗಿತ್ತು. ಅಳಿಲು ಇರಬೇಕು ಎಂದರು ಮಿಸೆಸ್ ಟ್ರೆವಾರೊ. ಮಕ್ಕಳು ಸಂಭ್ರಮದಿಂದ ಬಿಚ್ಚಿ, ತೊಳೆದು, ಚಕ್ರಕ್ಕೆ ಮುಚ್ಚಳ ಮಾಡಿ ಹಾಕಿದರು. ಅದರ ಮುಂದಿನ ಶುಕ್ರವಾರ ಹಳಿಗೆ ಮೇಪಲ್ ಪಾಕ ಹತ್ತಿ, ಪೆಟ್ಟಿಗೆ ಏರಲಾರದೆ ಜಾರುತ್ತಿತ್ತು. ಅವರು ಜಾರಿದರೆ ಕಚ್ಚಿ ಹಿಡಿಯುವ ಕೊಂಡಿ ಜೋಡಿಸಿದರು. ಗುಂಡಿಯೊಳಗೆ ಹಿಟ್ಟು ಹೊಕ್ಕಿತು. ಗುಂಡಿಗೆ ರಬ್ಬರು ಹೊದಿಸಿದರು. ಹಳಿಯ ಮೇಲೆ ಬಿಸಿನೀರು ಚೆಲ್ಲಿ ಹೆಪ್ಪುಗಟ್ಟಿತು. ನೀರು ಹರಿದುಹೋಗಲು ದಾರಿ ಮಾಡಿದರು. ಪ್ರತಿ ದುರಸ್ತಿಯ ಕೊನೆಗೂ ಸೂಪು, ಪೇಸ್ಟಿ, ಬೆಂಕಿಗೂಡಿನ ಮುಂದೆ ಒದ್ದೆ ಕೈಗವಸುಗಳ ಸಾಲು. ಹೊರಡುವಾಗ ವೇಡ್ ಯಾರೂ ಹೇಳದೆಯೇ ಸೌದೆ ತುಂಬಿಸಿಟ್ಟು ಬರುತ್ತಿದ್ದ.

ಆರ್ವಿಡನ ಸಂತೋಷಕ್ಕೆ ಪಾರವಿಲ್ಲ. ಬೇರೆ ತಂಡಗಳ ಸೋಲುಗಳೆಲ್ಲ ಒಂದೇ ರುಚಿ: ತಾವೇ ಮುರಿದದ್ದು, ಏಕೆ ಮುರಿಯಿತೆಂದು ಮೊದಲೇ ಗೊತ್ತಿದ್ದದ್ದು. ಈ ತಂಡದ ಸೋಲುಗಳಲ್ಲಿ ಮಾತ್ರ ನಿಜವಾದ ಬೆರಗಿತ್ತು. ಸಮಿತಿಗೆ ಕಳಿಸಿದ ವರದಿಯಲ್ಲಿ ಅವನು ಇದನ್ನೇ ಕಿರೀಟ ಮಾಡಿ ಇಟ್ಟ. ಅತ್ತೆ ಹಿಲ್ಮಾ ಬಡ್ತಿಯ ಔತಣಕ್ಕೆ ಹೊಸ ಮೇಜುಬಟ್ಟೆ ಹೊಲಿಯಲು ಶುರುಮಾಡಿದರು.

ಸಮಿತಿಯವರು ಬರುವ ಹಿಂದಿನ ದಿನ ಆರ್ವಿಡ್ ಅಂಗಡಿಯಲ್ಲಿ ಹೊಸ ಟೈ ಆರಿಸುತ್ತಿದ್ದ. ಅಲ್ಲಿ ಟೋಯ್ವೊ ಹಾರ್ಯು ಸಿಕ್ಕಿದ. ಮಿಸೆಸ್ ಟ್ರೆವಾರೊ ಅವರ ಎದುರುಮನೆಯವನು. ಬೆಳಿಗ್ಗೆ ಅವರು ಏಳುವ ಮೊದಲೇ ಅವರ ಮೆಟ್ಟಿಲಿನ ಮಂಜು ತೆಗೆದು, ಕೇಳಿದರೆ ಗಾಳಿ ಹೊಡೆದುಕೊಂಡು ಹೋಗಿರಬೇಕು ಎನ್ನುವ ಆಸಾಮಿ. ವರ್ಷಕ್ಕೆ ಆಡುವ ಮಾತುಗಳನ್ನು ಹಿಡಿತದಲ್ಲಿ ಖರ್ಚು ಮಾಡುವವನು.

"ನಿನ್ನ ಯಂತ್ರ" ಎಂದ ಟೋಯ್ವೊ. "ಅವಳೇ ಕೆಡಿಸ್ತಾಳೆ."

"ಯಾರು?"

"ಎಡ್ನಾ. ಗುರುವಾರ ಗುರುವಾರ. ಮೊದ್ಲು ಗಂಜಿ ಪಾತ್ರೆ ತಂದ್ಲು. ಆಮೇಲೆ ಪಾಕ. ಹೋದ್ವಾರ ಪಾಪ, ಎಲ್ಲೂ ತೂರ್ಸೋಕೆ ಜಾಗ ಸಿಗ್ದೆ ಸುತ್ತ ಸುತ್ತ ನಡೀತಾ ಇದ್ಲು. ಹುಡುಗ್ರು ಎಲ್ಲಾ ಮುಚ್ಚಿಬಿಟ್ಟಿದಾರೆ. ನೋಡೋಕಾಗ್ಲಿಲ್ಲ, ಹೋಗಿ ಅವಳಿಗೆ ಟಾರ್ಚು ಹಿಡ್ದೆ."

ಇಷ್ಟು ಹೇಳಿ, ಮುಂದಿನ ತಿಂಗಳಿನ ಮಾತುಗಳೂ ಖರ್ಚಾದವೆಂಬಂತೆ ಅವನು ಹೊರಟುಹೋದ.

ಆರ್ವಿಡ್ ಟೈಯನ್ನು ಕೊರಳಲ್ಲೇ ಬಿಟ್ಟು ಅಂಗಡಿಯಿಂದ ಓಡಿದ. ಅಂಗಡಿಯವಳು ಕೂಗಲಿಲ್ಲ, ತಲೆ ಅಳೆಯುವ ಯಂತ್ರಕ್ಕೆ ಏನೋ ಆಗಿರಬೇಕೆಂದುಕೊಂಡಳು. ಮಿಸೆಸ್ ಟ್ರೆವಾರೊ ನಿಟ್ಟಿಂಗ್ ಮಾಡುತ್ತ ಕೂತಿದ್ದರು. ಅವನು ಕೇಳಿದ ಕೂಡಲೇ ಒಪ್ಪಿಕೊಂಡರು. ಅವರ ಮುಖದಲ್ಲಿ ಪಶ್ಚಾತ್ತಾಪಕ್ಕಿಂತ ದಣಿವು ಕಂಡಿತು. ಈ ಮಕ್ಕಳು ಒಂದು ಬಿರುಕನ್ನೂ ಬಿಟ್ಟಿಲ್ಲ, ತನ್ನ ವಯಸ್ಸಿನವಳು ಎಷ್ಟು ಅಂತ ಯೋಚಿಸುವುದು ಎಂದರು.

"ಇದು ಮೋಸ, ಮಿಸೆಸ್ ಟ್ರೆವಾರೊ. ಗೊತ್ತಾದ್ರೆ ನನ್ನ ಬಡ್ತಿ ಹೋಯ್ತು. ಈ ಕೆಲ್ಸ ಸಾಯೋತನಕ ನನ್ನ ಕೊರಳಿಗೇ."

"ಕೊರಳಲ್ಲಿ ಇನ್ನೂ ಬೆಲೆ ಚೀಟಿ ನೇತಾಡ್ತಿದೆ ನೋಡು."

ನಾಳೆ ಒಂದು ದಿನ ಪೆಟ್ಟಿಗೆಯನ್ನು ಮುಟ್ಟಬೇಡಿ ಎಂದು ಅವನು ಬೇಡಿಕೊಂಡ. ಪೆಟ್ಟಿಗೆಯನ್ನು ಮುಟ್ಟುವುದಿಲ್ಲ ಎಂದು ಆಕೆ ಮಾತು ಕೊಟ್ಟರು. ಪೇಸ್ಟಿ ಮಾಡಬಹುದೋ, ಅದೂ ಮೋಸವೋ ಎಂದು ಕೇಳಿದರು.

ಸಮಿತಿಯಿಂದ ಬಂದವರು ಡಾ. ಮಾರ್ವಿನ್ ಕ್ವಿಗ್ಲಿ. ದೊಡ್ಡ ದೇಹ, ಸಣ್ಣ ಕನ್ನಡಕ, ನೋವಿನ ಮೊಣಕಾಲು. ಅವರು ಡೀನ್ ಕೊಟ್ಟ ಭಾಷಣವನ್ನೂ ಪೆಲ್ಕಿ ಕೊಟ್ಟ ಕಾಫಿಯನ್ನೂ ಒಂದೇ ಮುಖದಲ್ಲಿ ಮುಗಿಸಿ, ಆ ಪೆಟ್ಟಿಗೆ ನೋಡಬೇಕು ಎಂದರು. ಡೀನ್, ಆರ್ವಿಡ್, ಟ್ಯಾಮ್ಸಿನ್, ವೇಡ್ ಎಲ್ಲರೂ ಹೊರಟರು. ಏಪ್ರಿಲ್ ಆದರೂ ಮೆಟ್ಟಿಲ ಮೇಲೆ ಗಾಜಿನಂಥ ಹಿಮ. ಒಂದು ಕಡೆ ಆರ್ವಿಡ್, ಇನ್ನೊಂದು ಕಡೆ ಟೋಯ್ವೊ ಹೆಗಲು ಕೊಟ್ಟು ಕ್ವಿಗ್ಲಿಯವರನ್ನು ಹತ್ತಿಸಿದರು. ನಡುವೆ ಅವರು ಎರಡು ಸಲ ನಿಂತು ಸಮಿತಿಯ ವರದಿಗಳಲ್ಲಿ ಬರೆಯಲಾಗದ ಮಾತುಗಳನ್ನು ಆಡಿದರು.

ಮೇಲೆ ನಿಂತು ಗುಂಡಿ ಒತ್ತಿಸಿದರು. ಪೆಟ್ಟಿಗೆ ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಆರ್ವಿಡ್ ಉಸಿರು ಬಿಟ್ಟ. ಕ್ವಿಗ್ಲಿ ಹುಬ್ಬು ಗಂಟಿಕ್ಕಿದರು.

ಅವರ ಸಂಶಯ ಇಷ್ಟೇ: ವರದಿಯಲ್ಲಿ ಇದು ವಾರವಾರ ಕೆಡುತ್ತದೆ, ಮಕ್ಕಳು ವಾರವಾರ ಕಲಿಯುತ್ತಾರೆ. ಕಣ್ಣೆದುರಿಗೆ ಇದು ಕೆಡುವುದೇ ಇಲ್ಲ. ಕೆಟ್ಟದ್ದನ್ನು ಸರಿಮಾಡಿದ್ದು ಈ ಮಕ್ಕಳೇ ಎಂದು ನಂಬುವುದು ಹೇಗೆ? ಯಾವನಾದರೂ ಮೆಕ್ಯಾನಿಕ್ ಬಂದು ಮಾಡಿಹೋಗಿರಬಹುದಲ್ಲ? ಒಟ್ಟಿನಲ್ಲಿ ಕಲಿಕೆಗೆ ಪುರಾವೆ ಎಲ್ಲಿ ಎಂದು ಅವರು ಒಳಗೆ ಕೂತು ಪೇಸ್ಟಿ ಮುರಿಯುತ್ತ ಕೇಳಿದರು. ಡೀನ್ ಆರ್ವಿಡನನ್ನು ನೋಡಿದರು. ಆರ್ವಿಡ್ ತನ್ನ ಬೂಟುಗಳನ್ನು ನೋಡಿದ. ಅವನ ಮುಖ ಸಂಡೇ ಸ್ಕೂಲಿನಲ್ಲಿ ಪದ್ಯ ಮರೆತ ಹುಡುಗನ ಮುಖದಂತಾಯಿತು. ಮಿಸೆಸ್ ಟ್ರೆವಾರೊ ಆ ಮುಖವನ್ನು ಹಿಂದೆಯೂ ನೋಡಿದ್ದರು. ಅವರು ನಿಟ್ಟಿಂಗ್ ಬುಟ್ಟಿ ಎತ್ತಿಕೊಂಡು, ಗಾಳಿ ಬೇಕೆನಿಸುತ್ತಿದೆ ಎಂದು ಹೊರಗೆ ಹೋದರು.

ಇಳಿಯುವ ಹೊತ್ತು ಬಂದಾಗ ಕ್ವಿಗ್ಲಿ ಮೆಟ್ಟಿಲುಗಳನ್ನು ಒಮ್ಮೆ ನೋಡಿದರು, ಪೆಟ್ಟಿಗೆಯನ್ನು ಒಮ್ಮೆ ನೋಡಿದರು. "ನಾನು ಇದ್ರಲ್ಲೇ ಇಳೀತೀನಿ."

"ಅದು ಸೌದೆಗೆ ಮಾಡಿದ್ದು ಸರ್. ಜನಕ್ಕಲ್ಲ" ಎಂದಳು ಟ್ಯಾಮ್ಸಿನ್.

"ನಿಮ್ಮ ಲೆಕ್ಕ ಸರಿ ಇದ್ರೆ ಸೌದೆಗೂ ನನಗೂ ಏನಮ್ಮ ವ್ಯತ್ಯಾಸ?"

ಕ್ವಿಗ್ಲಿ ಕೈಯಲ್ಲಿ ಉಳಿದ ಪೇಸ್ಟಿಯ ಸಮೇತ ಪೆಟ್ಟಿಗೆಯಲ್ಲಿ ಕೂತರು. ವೇಡ್ ದೇವರನ್ನು ನೆನೆದು ಗುಂಡಿ ಒತ್ತಿದ. ಪೆಟ್ಟಿಗೆ ಘನತೆಯಿಂದ ಇಳಿಯತೊಡಗಿತು. ಅರ್ಧ ದಾರಿಯಲ್ಲಿ ಒಂದು ಸಲ ಕೊಸರಿ, ಒಂದು ಸಲ ಮುಲುಗಿ, ನಿಂತಿತು.

ಮಾನ್ಯತಾ ಸಮಿತಿಯ ಹಿರಿಯ ಸದಸ್ಯರು ಊರಿನ ಬೀದಿಗೂ ಆಕಾಶಕ್ಕೂ ನಡುವೆ, ಮಂಜಿನ ಗುಡ್ಡೆಯ ಮೇಲೆ, ಕಾಲು ಮಡಿಚಿ ಕೂತಿದ್ದರು. ಡೀನ್ ಬ್ರಾಡಿ ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನೊಳಗೂ ಅವರು ಆರ್ವಿಡನನ್ನೇ ನೋಡುತ್ತಿದ್ದಂತೆ ಕಂಡಿತು. ಬೀದಿಯಲ್ಲಿ ಒಬ್ಬೊಬ್ಬರಾಗಿ ಜನ ನಿಂತರು. ಬೇಕರಿಯ ಹೆಂಗಸು ಇದೇ ಅಳೆಯುವ ಯಂತ್ರ ಎಂದು ಗಂಡನಿಗೆ ತೋರಿಸಿದಳು.

ಕ್ವಿಗ್ಲಿಯವರ ಧ್ವನಿ ಕೇಳಿಸಿತು. "ಈ ಹಗ್ಗದ ಸುರಕ್ಷಾ ಗುಣಾಂಕ ಎಷ್ಟು?"

ಪರೀಕ್ಷಕರಿಗೆ ಉತ್ತರದಲ್ಲಿ ಇಷ್ಟು ನಿಜವಾದ ಆಸಕ್ತಿ ಇದ್ದ ಮೌಖಿಕ ಪರೀಕ್ಷೆ ಆ ಕಾಲೇಜಿನ ಇತಿಹಾಸದಲ್ಲಿ ಇನ್ನೊಂದಿಲ್ಲ.

"ಸೌದೆಗೆ ಐದು ಸರ್. ನೀವು ಸೌದೆಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಮೂರು ಅನ್ಕೊಳ್ಳಿ" ಎಂದಳು ಟ್ಯಾಮ್ಸಿನ್, ಮೋಟಾರಿನ ಪಕ್ಕ ಮಂಡಿಯೂರುತ್ತ.

"ಮೂರು ಸಾಕಾ?"

"ಮೂರು ಅಂದ್ರೆ ನಿಮ್ಮಂಥವರು ಮೂರು ಜನ ಕೂತ್ರೂ ಹಗ್ಗ ತಡ್ಕೊಳ್ಳುತ್ತೆ. ಒಬ್ರೇ ಇದೀರ."

"ಮೋಟಾರು ಕೈಬಿಟ್ರೆ?"

"ಕೊಂಡಿ ಹಳೀನ ಕಚ್ಚಿ ಹಿಡಿಯುತ್ತೆ ಸರ್" ಎಂದ ವೇಡ್. "ಪಾಕದ ವಾರ ಹಾಕಿದ್ದು. ಅಲ್ಲಾಡ್ಬೇಡಿ ಅಷ್ಟೆ. ಪೇಸ್ಟಿ ತಿನ್ಬಹುದು."

ಟ್ಯಾಮ್ಸಿನ್ ಕಿವಿಯನ್ನು ಮುಚ್ಚಳಕ್ಕೆ ಒತ್ತಿ ವೇಡ್‌ಗೆ ಸನ್ನೆ ಮಾಡಿದಳು. ಅವನು ಒಂದು ಕ್ಷಣ ಗುಂಡಿ ಒತ್ತಿ ಬಿಟ್ಟ. "ಗಂಜಿ ಅಲ್ಲ, ಗಂಜಿಯಾಗಿದ್ರೆ ಗರಗರ ಅನ್ನುತ್ತೆ. ಹಿಮ ಅಲ್ಲ. ಮೋಟಾರು ಚೆನ್ನಾಗಿದೆ. ರಾಟೇಲಿ ಏನೋ ಮೆತ್ತಗಿರೋದು ಸುತ್ಕೊಂಡಿದೆ" ಎಂದು ಅವಳು ರಾಟೆಯ ಹಿಂದಿನ ಸಣ್ಣ ಸಂದಿಗೆ ಬೆರಳು ಹಾಕಿದಳು. ಇಡೀ ಯಂತ್ರದಲ್ಲಿ ಅವರು ಮುಚ್ಚಲು ಮರೆತ ಸಂದಿ ಅದೊಂದೇ. ನೀಲಿ ಉಣ್ಣೆಯ ದಾರ ಎಳೆದಷ್ಟೂ ಬಂತು. ದಾರದ ಇನ್ನೊಂದು ತುದಿ ಮಿಸೆಸ್ ಟ್ರೆವಾರೊ ಅವರ ಬುಟ್ಟಿಯಲ್ಲಿತ್ತು. ಆಕೆ ಆಕಾಶ ನೋಡುತ್ತಿದ್ದರು.

ಪೆಟ್ಟಿಗೆ ಮತ್ತೆ ಇಳಿಯಿತು. ಕ್ವಿಗ್ಲಿ ಎದ್ದುನಿಂತು ಕೋಟಿನ ಮಂಜು ಕೊಡವಿಕೊಂಡು, ತಲೆಯೆತ್ತಿ ಕೇಳಿದರು: ಈ ದೋಷವನ್ನು ಏರ್ಪಾಡು ಮಾಡಿದವರು ಯಾರು?

ಆರ್ವಿಡ್ ಮಾತಾಡಲು ಬಾಯಿ ತೆರೆದ. ಏನು ಹೇಳಲು ತೆರೆದನೋ ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಮಿಸೆಸ್ ಟ್ರೆವಾರೊ ಅವರ ಧ್ವನಿ ಬಂತು.

"ನಾನೇ. ಪ್ರತಿ ಗುರುವಾರಾನೂ ನಾನೇ. ಆರ್ವಿಡ್‌ಗೆ ಪೆಟ್ಟಿಗೆ ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೆ, ಮುಟ್ಟಿಲ್ಲ. ರಾಟೆಗೆ ಸ್ವಲ್ಪ ಉಣ್ಣೆ ಕೊಟ್ಟೆ." ಆಮೇಲೆ ಮಕ್ಕಳ ಕಡೆ ತಿರುಗಿ ಮೆಲ್ಲಗೆ, "ನಿಮಗೆ ಹೇಳ್ಬಾರ್ದು ಅಂತಿದ್ದೆ ಮಕ್ಳಾ."

"ನಮಗೆ ಗೊತ್ತಿತ್ತು, ಮಿಸೆಸ್ ಟ್ರೆವಾರೊ" ಎಂದಳು ಟ್ಯಾಮ್ಸಿನ್.

"ಯಾವಾಗಿಂದ?"

"ಗಂಜಿಯಿಂದ. ಅಳಿಲು ಗಂಜೀನ ಬೇಯ್ಸಲ್ಲ."

"ಮತ್ತೆ ಸುಮ್ನಿದ್ರಲ್ಲ?"

ವೇಡ್ ಹೇಳಿದ: "ನೀವು ಅಷ್ಟು ಕಷ್ಟ ಪಡ್ತಿದ್ರಿ. ಬೇಜಾರಾಗುತ್ತೆ ಅಂತ." ಆಮೇಲೆ, "ಸೂಪೂ ಇತ್ತು" ಎಂದ.

ಕ್ವಿಗ್ಲಿಯವರ ವರದಿ ಮೇ ತಿಂಗಳಲ್ಲಿ ಬಂತು. ಮುನ್ಸೂಚನೆಯಿಲ್ಲದೆ, ವಾರದಿಂದ ವಾರಕ್ಕೆ ಕಷ್ಟವಾಗುತ್ತ ಹೋಗುವ ದೋಷಗಳನ್ನು ಹೊರಗಿನ ಪರೀಕ್ಷಕರೊಬ್ಬರಿಂದ ಒಡ್ಡಿಸಿ, ವಿದ್ಯಾರ್ಥಿಗಳು ಅದಕ್ಕೆ ಹೇಗೆ ಉತ್ತರಿಸುತ್ತಾರೆಂದು ನೋಡುವ ಇಂಥ ಮಾಪನವನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದೂ, ಇದರ ಫಲವನ್ನು ಸ್ವಂತ ಮೈಯಿಂದಲೇ ಪರಿಶೀಲಿಸಿದ್ದಾಗಿಯೂ ಅದರಲ್ಲಿತ್ತು. ಪೇಸ್ಟಿಯ ಬಗ್ಗೆಯೂ ಒಂದು ವಾಕ್ಯವಿತ್ತು. ಟ್ಯಾಮ್ಸಿನ್ ಮತ್ತು ವೇಡ್‌ಗೆ ಪೂರ್ತಿ ಅಂಕ ಸಿಕ್ಕಿತು. ಸೆಪ್ಟೆಂಬರಿನ ಪರೀಕ್ಷೆಯನ್ನು ಮತ್ತೆ ಕೊಟ್ಟಾಗ ಟ್ಯಾಮ್ಸಿನ್ ಹಗ್ಗ ಎಂದರೇನು ಎಂಬುದರಿಂದ ಹಿಡಿದು ಪುಟಗಟ್ಟಲೆ ಬರೆದಳು.

ಆರ್ವಿಡನಿಗೆ ಬಡ್ತಿಯಾಯಿತು. ಹಿಲ್ಮಾ ಹೊಸ ಮೇಜುಬಟ್ಟೆ ಹಾಸಿ, ಅಂತೂ ಆ ಇನ್ನೊಬ್ಬರು ಬಿಟ್ಟುಹೋದರಾ ಎಂದು ಕೇಳಿದರು. ಡೀನ್ ಒಂದು ವಿಷಯದಲ್ಲಿ ಮಾತ್ರ ಮಾತಿಗೆ ತಪ್ಪಲಿ ಎಂದು ಪೆಲ್ಕಿ ಕಾಯುತ್ತಿದ್ದ. ಆರ್ವಿಡ್ ಈ ಕೆಲಸದಿಂದ ಬಿಡುಗಡೆಯಾದರೆ ಅದು ತನ್ನ ತಲೆಗೇ ಬೀಳಬಹುದೆಂಬ ಭಯ ಅವನದು.

ಸೆಪ್ಟೆಂಬರಿನ ಮೊದಲ ಸಭೆ ಮತ್ತೆ ಬಂತು. ಕಾಲೇಜಿನ ಹೊಸ ಬಾಹ್ಯ ಪರೀಕ್ಷಕರಾಗಿ ಮಿಸೆಸ್ ಟ್ರೆವಾರೊ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು, ನಿಟ್ಟಿಂಗ್ ಬುಟ್ಟಿಯ ಸಮೇತ ಆರ್ವಿಡನ ಪಕ್ಕ ಕೂತಿದ್ದರು. ಡಬ್ಬದಲ್ಲಿ ದಾಲ್ಚಿನ್ನಿಯದು ಒಂದೇ ಉಳಿದಿತ್ತು. ಡೀನ್ ಏನನ್ನೋ ಹೇಳುತ್ತಿದ್ದರು. ಈ ವರ್ಷದಿಂದ ಕಾಲೇಜಿನ ಎಲ್ಲ ವಿಭಾಗಗಳ, ಎಲ್ಲ ವರ್ಷಗಳ ಕಲಿಕೆಯನ್ನೂ ಅಳೆಯಬೇಕು, ಅದಕ್ಕೊಬ್ಬರು ಬೇಕು ಎಂಬಲ್ಲಿಗೆ ಮಾತು ಬಂದಿತ್ತು. ಕೋಣೆಯ ತುಂಬ ಬೂಟುಗಳ ಅಧ್ಯಯನ ನಡೆಯುತ್ತಿತ್ತು.

ಆರ್ವಿಡ್ ಈ ಸಲ ಪೂರ್ತಿ ಎಚ್ಚರದಲ್ಲಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಆಗ ಓರೆಗಣ್ಣಿಗೆ ಕಂಡಿತು: ಮಿಸೆಸ್ ಟ್ರೆವಾರೊ ಡಬ್ಬವನ್ನೇ ನೋಡುತ್ತಿದ್ದಾರೆ. ಅವರ ಕೈ ಮಡಿಲಿನಿಂದ ಮೆಲ್ಲಗೆ ಮೇಲೇಳುತ್ತಿದೆ.

ಯೋಚಿಸುವಷ್ಟು ಹೊತ್ತಿರಲಿಲ್ಲ. ಆರ್ವಿಡ್ ಎದ್ದು, ಮೇಜಿನ ಮೇಲೆ ಬಾಗಿ, ಆ ತುದಿಯ ಡಬ್ಬಕ್ಕಾಗಿ ಇಡೀ ತೋಳನ್ನು ಚಾಚಿದ.

"ಥ್ಯಾಂಕ್ಸ್, ಆರ್ವಿಡ್" ಎಂದರು ಡೀನ್, ಬರೆದುಕೊಳ್ಳುತ್ತ.

ಅವನು ಡಬ್ಬವನ್ನು ತಂದು ಮಿಸೆಸ್ ಟ್ರೆವಾರೊ ಅವರ ಮುಂದಿಟ್ಟು ಕೂತ. ಆಕೆ ಡೋನಟ್ಟನ್ನು ಎರಡು ಮಾಡಿ, ಯಾವುದು ದೊಡ್ಡದೆಂದು ಒಮ್ಮೆ ನೋಡಿ, ಅದನ್ನು ಅವನ ಕಡೆ ಸರಿಸಿದರು.